ವೇಗದ ಸೆಡಾನ್ ಕೊಂಡವರಿಗೆ: ಮಾರ್ಪಾಡು ಎಲ್ಲಿಂದ ಶುರುವಾಗಬೇಕು

ನಾಲ್ಕು ಬಾಗಿಲು, ಮನೆಮಂದಿ ಕೂರುವಷ್ಟು ಜಾಗ, ಹಿಂದೆ ದೊಡ್ಡ ಡಿಕ್ಕಿ ಇದ್ದೂ ಸ್ಪೋರ್ಟ್ಸ್ ಕಾರಿನ ಎಂಜಿನ್ ಹೊತ್ತ ಸೆಡಾನ್ ಇಪ್ಪತ್ತರ ಹರೆಯದವರ ಕೈಗೆ ಬರುವುದು ಸಾಮಾನ್ಯವಾಗಿ ಇಬ್ಬರು ಮೂವರು ಮಾಲೀಕರನ್ನು ದಾಟಿದ ಮೇಲೆ. ಅಷ್ಟರಲ್ಲಿ ಕಾರಿನ ಬೆಲೆ ಇಳಿದಿರುತ್ತದೆ, ಬಿಡಿಭಾಗಗಳ ಬೆಲೆ ಮಾತ್ರ ಇಳಿದಿರುವುದಿಲ್ಲ. ಅದರ ಬ್ರೇಕ್ ಡಿಸ್ಕ್, ಕ್ಲಚ್, ಟೈರುಗಳಿಗೆ ಇಂದಿಗೂ ದುಬಾರಿ ಕಾರಿನ ದರವನ್ನೇ ತೆರಬೇಕು. ಆದ್ದರಿಂದ ಕೈಯಲ್ಲಿರುವ ದುಡ್ಡಿನಲ್ಲಿ ಮೂರನೇ ಒಂದು ಭಾಗವನ್ನಾದರೂ ಎತ್ತಿಟ್ಟು, ಉಳಿದುದರಲ್ಲಿ ಸಿಗುವ ಕಾರನ್ನು ಹುಡುಕುವುದು ಒಳ್ಳೆಯದು. ಎತ್ತಿಟ್ಟ ಹಣ ಮಾರ್ಪಾಡಿಗಲ್ಲ. ಹಿಂದಿನ ಮಾಲೀಕರು ಬಾಕಿ ಉಳಿಸಿಹೋದ ಕೆಲಸಗಳಿಗೆ.

ಕೊಳ್ಳುವ ಮೊದಲು ಆ ಮಾದರಿಯ ದುರ್ಬಲ ಜಾಗ ಯಾವುದೆಂದು ತಿಳಿದಿರಬೇಕು, ಏಕೆಂದರೆ ಇಂಥ ಪ್ರತಿಯೊಂದು ಕಾರಿಗೂ ಅಂಥದ್ದೊಂದು ಇದ್ದೇ ಇರುತ್ತದೆ. ಬಿಎಂಡಬ್ಲ್ಯು ಎಂ3ರ ಇ90 ಸೆಡಾನ್‌ನಲ್ಲಿರುವ 4.0 ಲೀಟರಿನ ವಿ8 ಎಂಜಿನ್ ಎಷ್ಟು ಸೊಗಸಾಗಿ ತಿರುಗಿದರೂ ಪಿಸ್ಟನ್‌ಗಳನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಅದರ ಕನೆಕ್ಟಿಂಗ್ ರಾಡ್‌ಗಳ ಬೇರಿಂಗ್‌ಗಳು ಅವಧಿಗೆ ಮುನ್ನವೇ ಸವೆಯುವುದಕ್ಕೆ ಹೆಸರಾಗಿವೆ. ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐನ 2.5 ಲೀಟರ್ ಟರ್ಬೊ ಎಂಜಿನ್‌ನಲ್ಲಿ ಪಿಸ್ಟನ್ ರಿಂಗುಗಳ ನಡುವಿನ ತೆಳು ಅಂಚು ಮುರಿಯುವುದು ಪರಿಚಿತ ಕಾಯಿಲೆ. ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್‌ನಲ್ಲಿ 1992ರ ಮೊದಲನೆಯದರಿಂದ ಒಂಬತ್ತನೆಯ ತಲೆಮಾರಿನವರೆಗೆ ಇದ್ದ 4ಜಿ63 ಎಂಜಿನ್‌ಗೆ ಕಬ್ಬಿಣದ ಬ್ಲಾಕ್ ಇರುವುದರಿಂದ ಅದು ಹೆಚ್ಚು ಒತ್ತಡವನ್ನು ತಾಳುತ್ತದೆ. ಆದರೆ ಆ ಕಾರಣಕ್ಕಾಗಿಯೇ ಹಿಂದಿನವರು ಅದನ್ನು ಮಿತಿಮೀರಿ ಹಿಂಡಿರುವ ಸಾಧ್ಯತೆಯೂ ಹೆಚ್ಚು.

ಮಾರುವವರು ಕಾರನ್ನು ಮೊದಲೇ ಬಿಸಿ ಮಾಡಿಡದಂತೆ ಕೇಳಿಕೊಂಡು, ತಣ್ಣಗಿರುವ ಎಂಜಿನ್ ನಿಮ್ಮೆದುರೇ ಸ್ಟಾರ್ಟ್ ಆಗುವುದನ್ನು ನೋಡಿ. ಎಚ್ಚರಿಕೆಯ ದೀಪ ಉರಿಯುತ್ತಿಲ್ಲ ಎಂದಮಾತ್ರಕ್ಕೆ ನಂಬಬೇಡಿ. ಸ್ಟೀರಿಂಗ್ ಕೆಳಗಿನ ಒಬಿಡಿ (ದೋಷಪತ್ತೆಯ) ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿ, ರೆಡಿನೆಸ್ ಮಾನಿಟರ್‌ಗಳು, ಅಂದರೆ ಕಾರು ತನ್ನನ್ನೇ ತಪಾಸಿಸಿಕೊಳ್ಳುವ ಪರೀಕ್ಷೆಗಳು, ಪೂರ್ಣಗೊಂಡಿವೆಯೇ ಎಂದು ಪರಿಶೀಲಿಸಿ. ಹಲವು ಮಾನಿಟರ್‌ಗಳು ಅಪೂರ್ಣವೆಂದು ತೋರಿಸಿದರೆ, ಯಾರೋ ಇತ್ತೀಚೆಗಷ್ಟೇ ದೋಷದ ಕೋಡ್‌ಗಳನ್ನು ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ ಎಂದು ಅರ್ಥ. ಸಿಲಿಂಡರ್‌ಗಳು ಒತ್ತಡ ಹಿಡಿದಿಡುತ್ತವೆಯೇ ಎಂದು ನೋಡುವ ಕಂಪ್ರೆಷನ್ ಪರೀಕ್ಷೆಗೆ ಒಪ್ಪದವರ ಕಾರು ಎಷ್ಟು ಹೊಳೆಯುತ್ತಿದ್ದರೂ ಬಿಟ್ಟುಬಿಡುವುದೇ ಲೇಸು.

ಕಾರು ಕೈಗೆ ಬಂದ ಮೇಲಿನ ಮೊದಲ ಕೆಲಸ ಅದನ್ನು ಮಾರ್ಪಡಿಸುವುದಲ್ಲ, ಅದು ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಆ ಸ್ಥಿತಿಗೆ ಮರಳಿಸುವುದು. ಎಂಜಿನ್, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ಗಳ ಆಯಿಲ್, ಕೂಲಂಟ್, ಸ್ಪಾರ್ಕ್ ಪ್ಲಗ್, ಸಸ್ಪೆನ್ಷನ್ ಕೀಲುಗಳಲ್ಲಿರುವ ಒಣಗಿದ ರಬ್ಬರ್ ಬುಷ್‌ಗಳನ್ನು ಬದಲಿಸಿದರೆ ಕಾರಿನ ನಡಿಗೆಯೇ ಬೇರೆಯಾಗುತ್ತದೆ. ಅನೇಕರು ಹೊಸ ಸಸ್ಪೆನ್ಷನ್‌ನಿಂದ ಸಿಕ್ಕಿತೆಂದು ಭಾವಿಸುವ ಸುಖ ನಿಜವಾಗಿ ಅದರ ಜೊತೆಗೇ ಬದಲಾದ ಬುಷ್‌ಗಳದ್ದು ಎಂಬುದು ನನ್ನ ಅನುಮಾನ.

ನಂತರದ ಸರದಿ ಟೈರುಗಳದು. ಟೈರಿನ ಪಕ್ಕೆಯ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಅಲ್ಲಿ 2319 ಎಂದಿದ್ದರೆ ಆ ಟೈರು 2019ರ 23ನೆಯ ವಾರದಲ್ಲಿ ತಯಾರಾದದ್ದು. ಟೈರಿನ ಮೈಮೇಲಿನ ಗೀರುಗಳು ಎಷ್ಟೇ ಆಳವಾಗಿದ್ದರೂ ಹಳೆಯ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ವೇಗದ ದರ್ಜೆಯನ್ನೂ ಗಮನಿಸಿ: ವಿ ಎಂದರೆ ಗಂಟೆಗೆ 240, ಡಬ್ಲ್ಯು ಎಂದರೆ 270, ವೈ ಎಂದರೆ 300 ಕಿಲೋಮೀಟರ್. ಕಾರಿನ ತಯಾರಕರು ಸೂಚಿಸಿದ್ದಕ್ಕಿಂತ ಕೆಳಗಿನ ದರ್ಜೆಗೆ ಇಳಿಯಬೇಡಿ. ಬೇರೆ ವೀಲ್ ಹಾಕುವುದಾದರೆ ಬೋಲ್ಟ್‌ಗಳ ಸಂಖ್ಯೆ ಮತ್ತು ಅಂತರ, ಆಫ್‌ಸೆಟ್ (ವೀಲ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ), ನಡುವಿನ ರಂಧ್ರದ ವ್ಯಾಸ ಇವು ಮೂರೂ ಹೊಂದಬೇಕು. ಹೆಚ್ಚು ಅಗಲವಾದ ವೀಲ್‌ಗಿಂತ ಹೆಚ್ಚು ಹಗುರವಾದ ವೀಲ್ ಕಾರಿಗೆ ಹೆಚ್ಚು ಉಪಕಾರ ಮಾಡುತ್ತದೆ.

ಎಂಜಿನ್‌ನ ಶಕ್ತಿ ಹೆಚ್ಚಿಸುವ ಆಸೆಯನ್ನು ಬ್ರೇಕಿನ ಕೆಲಸ ಮುಗಿಯುವವರೆಗೆ ತಡೆಹಿಡಿಯಬೇಕು. ಚಲನಶಕ್ತಿ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದಾಗ ಬರುವುದಕ್ಕೆ) ಅನುಗುಣವಾಗಿ ಏರುವುದರಿಂದ, ಗಂಟೆಗೆ 140 ಕಿಲೋಮೀಟರ್‌ನಿಂದ ನಿಲ್ಲಿಸಲು ಬ್ರೇಕ್‌ಗಳು ಕರಗಿಸಬೇಕಾದ ಶಾಖವು 100ರಿಂದ ನಿಲ್ಲಿಸುವಾಗಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಹಾಗೆಂದು ದೊಡ್ಡ ಕ್ಯಾಲಿಪರ್‌ಗಳಿಗೆ ಹಾತೊರೆಯಬೇಕಿಲ್ಲ. ಒಳ್ಳೆಯ ಪ್ಯಾಡ್ ಮತ್ತು ಹೊಸ ಬ್ರೇಕ್ ಫ್ಲೂಯಿಡ್ ಬಹುಮಟ್ಟಿಗೆ ಸಾಕು. ಡಿಒಟಿ 4 ಎಂಬ ದರ್ಜೆಯ ಬ್ರೇಕ್ ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕು. ಗಾಳಿಯ ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಕುದಿದಾಗ ಹುಟ್ಟುವ ಆವಿ ಒತ್ತಿದರೆ ಕುಗ್ಗುವುದರಿಂದ ಪೆಡಲ್ ನೆಲದವರೆಗೆ ಹೋದರೂ ಕಾರು ನಿಲ್ಲುವುದಿಲ್ಲ. ಡಿಒಟಿ 5 ಎಂಬುದು ಸಿಲಿಕೋನ್ ಆಧಾರಿತ ಬೇರೆಯೇ ದ್ರವ. ಹೆಸರು ನೋಡಿ ಇನ್ನೂ ಒಳ್ಳೆಯದೆಂದು ತಿಳಿದು ಡಿಒಟಿ 4ರ ಜೊತೆ ಬೆರೆಸಬಾರದು. ರೇಸ್‌ಗೆಂದೇ ಮಾಡಿದ ಪ್ಯಾಡ್‌ಗಳು ಬಿಸಿಯಾಗುವವರೆಗೆ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ದಿನನಿತ್ಯದ ಓಡಾಟಕ್ಕೆ ಅವು ಅಪಾಯಕಾರಿ.

ಸಸ್ಪೆನ್ಷನ್ ವಿಷಯದಲ್ಲಿ ನಾನೇ ಎಡವಿದ್ದೇನೆ. ಟೈರು ಮತ್ತು ಫೆಂಡರ್ ನಡುವಿನ ಸಂದು ಕಣ್ಣಿಗೆ ಚುಚ್ಚುತ್ತಿತ್ತೆಂದು ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಜೋಡಿಯಾದ ಕಾಯ್ಲೋವರ್ ಹಾಕಿಸಿ, ಮುಂಭಾಗವನ್ನು ಹೋಗುವಷ್ಟು ಕೆಳಗಿಳಿಸಿದ್ದೆ. ನಿಂತಾಗ ಕಾರು ಚೆಂದ ಕಾಣುತ್ತಿತ್ತು. ಓಡಿದಾಗ ತಿರುವಿನ ನಡುವೆ ಸಣ್ಣ ಉಬ್ಬು ಸಿಕ್ಕರೂ ಡ್ಯಾಂಪರ್ ತಳಕ್ಕೆ ಬಡಿದು ಮುಂದಿನ ಚಕ್ರ ಹೊರಗೆ ಜಾರುತ್ತಿತ್ತು. ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಬಗೆಯ ಸಸ್ಪೆನ್ಷನ್ ಇರುವ ಕಾರನ್ನು ಹೀಗೆ ಇಳಿಸಿದಾಗ ಕೆಳಗಿನ ಕಂಟ್ರೋಲ್ ಆರ್ಮ್‌ನ ಕೋನ ಬದಲಾಗಿ, ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿನ ಭಾರದ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಆದ್ದರಿಂದ ಕಡಿಮೆ ವಾಲಬೇಕಾದ ಕಾರು ಇನ್ನಷ್ಟು ವಾಲಲು ಹವಣಿಸುತ್ತದೆ. ಎರಡು ಸೆಂಟಿಮೀಟರ್ ಮೇಲೆತ್ತಿ, ಚಕ್ರಗಳ ಕೋನಗಳಾದ ಕ್ಯಾಂಬರ್ ಮತ್ತು ಟೋ ಹೊಂದಿಸಿದ ದಿನವೇ ಅದು ಹೇಳಿದ ಮಾತು ಕೇಳತೊಡಗಿತು. ಎತ್ತರ ಮುಟ್ಟಿದಾಗಲೆಲ್ಲ ಅಲೈನ್‌ಮೆಂಟ್ ಮಾಡಿಸಲೇಬೇಕು.

ಇಷ್ಟಾದ ಮೇಲೆ ಎಂಜಿನ್. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಇಸಿಯು ರೀಮ್ಯಾಪ್‌ನಿಂದ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಲೆಕ್ಕಗಳನ್ನು ಬದಲಿಸುವುದರಿಂದ, ಸಿಗುವುದು ಅತ್ಯಲ್ಪ. ಟರ್ಬೊ ಇದ್ದರೆ ಅದು ಎಂಜಿನ್‌ಗೆ ಗಾಳಿ ತುಂಬುವ ಬೂಸ್ಟ್ ಒತ್ತಡ ಏರಿಸಿ ಸಾಕಷ್ಟು ಪಡೆಯಬಹುದು. ಹೆಚ್ಚು ಒತ್ತಡವೆಂದರೆ ಹೆಚ್ಚು ಬಿಸಿ, ಹೆಚ್ಚು ಬಿಸಿಯೆಂದರೆ ಇಂಧನ ತಾನಾಗಿಯೇ ಸಿಡಿಯುವ ನಾಕಿಂಗ್; ಮೇಲೆ ಹೇಳಿದ ಪಿಸ್ಟನ್ ಅಂಚುಗಳನ್ನು ಮುರಿಯುವುದೂ ಮುಖ್ಯವಾಗಿ ಅದೇ. ಆದ್ದರಿಂದ ಸಿದ್ಧ ಫೈಲ್ ತುಂಬಿ ಕಳಿಸುವವರಿಗಿಂತ, ನಿಮ್ಮ ಕಾರನ್ನೇ ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಓಡಿಸಿ, ಗಾಳಿ ಮತ್ತು ಇಂಧನದ ಅನುಪಾತ, ಇಗ್ನಿಷನ್ ಟೈಮಿಂಗ್, ನಾಕ್ ಸೆನ್ಸರಿನ ಲಾಗ್ ತೋರಿಸುವವರನ್ನು ಆರಿಸಿ. ನಿಮಗೆ ಪ್ರತಿದಿನ ಸಿಗುವ ಆಕ್ಟೇನ್‌ನ ಪೆಟ್ರೋಲಿಗೇ ಟ್ಯೂನ್ ಮಾಡಿಸಬೇಕು. ಏರಿದ ಟಾರ್ಕಿಗೆ ಹಳೆಯ ಕ್ಲಚ್ ಜಾರತೊಡಗಿದರೆ ಆ ಖರ್ಚೂ ಈ ಲೆಕ್ಕದಲ್ಲೇ ಸೇರುತ್ತದೆ. ಎಕ್ಸಾಸ್ಟ್ ಹೊಗೆಯ ವಿಷಾನಿಲ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವುದು ಬಹುತೇಕ ದೇಶಗಳಲ್ಲಿ ಕಾನೂನುಬಾಹಿರ. ಸದ್ದಿನ ಮೋಹಕ್ಕೆ ಅದನ್ನು ಮಾಡಬೇಡಿ.

ಪ್ರತಿಯೊಂದು ಬದಲಾವಣೆಯನ್ನೂ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಕಂತು ಏರುತ್ತದೆಂದು ಮುಚ್ಚಿಟ್ಟರೆ, ಅಪಘಾತದ ನಂತರ ಪರಿಹಾರವೇ ತಿರಸ್ಕೃತವಾಗಬಹುದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೆಲವು ವಾರ ಓಡಿಸಿ, ಮುಂದಿನದಕ್ಕೆ ಕೈಹಾಕಬೇಕು. ಮೂರನ್ನು ಒಟ್ಟಿಗೆ ಮಾಡಿದರೆ ಹೊಸದಾಗಿ ಕೇಳಿಬರುವ ಸದ್ದು ಯಾವುದರದ್ದೆಂದು ಪತ್ತೆಹಚ್ಚಲು ತಿಂಗಳು ಹಿಡಿಯುತ್ತದೆ. ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಬಿಗಿಮಾಡಿ, ತಲೆಯಿಂದ ಕೆಳಗಿನ ಲೋಹದವರೆಗೆ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟರೆ, ಸಡಿಲಾದದ್ದು ಬಗ್ಗಿ ನೋಡಿದಾಗಲೇ ಗೆರೆ ಮುರಿದು ಕಾಣಿಸುತ್ತದೆ.

ವೇಗ ನೋಡುವ ಜಾಗ ರಸ್ತೆಯಲ್ಲ, ಟ್ರ್ಯಾಕ್. ಮೊದಲ ಸಲ ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡದೆ ಓಡಿಸಿ. ಕೊನೆಯ ಸುತ್ತನ್ನು ನಿಧಾನವಾಗಿ ಮುಗಿಸಿ, ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲೇ ನಿಲ್ಲಿಸಿ, ಚಕ್ರಕ್ಕೆ ಅಡ್ಡಕಟ್ಟೆ ಇಡಬೇಕು. ಕಾದ ಡಿಸ್ಕನ್ನು ಪ್ಯಾಡ್ ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ಅಲ್ಲಿ ಪ್ಯಾಡಿನ ಪದರ ಅಂಟಿ, ಮರುದಿನದಿಂದ ಬ್ರೇಕ್ ಒತ್ತಿದಾಗಲೆಲ್ಲ ಅದುರತೊಡಗುತ್ತದೆ.

ಬಿಚ್ಚಿದ ಮೂಲ ಭಾಗಗಳನ್ನು ಮಾರಬೇಡಿ. ಸ್ಪ್ರಿಂಗ್, ವೀಲ್, ಎಕ್ಸಾಸ್ಟ್ ಎಲ್ಲವನ್ನೂ ಒರೆಸಿ, ಬಿಚ್ಚಿದ ದಿನಾಂಕ ಮತ್ತು ಕಿಲೋಮೀಟರ್ ಬರೆದ ಚೀಟಿ ಕಟ್ಟಿ, ಬೋಲ್ಟ್‌ಗಳನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಹಾಕಿ ಒಣ ಜಾಗದಲ್ಲಿಡಿ. ನಿಮ್ಮಿಂದ ಈ ಕಾರನ್ನು ಕೊಳ್ಳುವವರು ಮೊದಲು ಕೇಳುವುದು ಅವನ್ನೇ.