ಶಾಲೆಗೊಂದು ಅಗ್ಗದ ಕಂಪ್ಯೂಟರ್: ಕೆಡದಂತೆ ಜೋಡಿಸುವುದು ಹೇಗೆ?

ಮುಂಬಯಿಯ ಕನ್ನಡ ಶಾಲೆಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೊಡಿಸಬೇಕೆಂದಿದ್ದೀರಾ? ಒಳ್ಳೆಯ ಕೆಲಸ. ಆದರೆ ನಾಲ್ಕು ದಿನ ನಡೆದು ಬೀರು ಸೇರುವ ಪೈಗಳಲ್ಲಿ ಸಾಮಾನ್ಯವಾಗಿ ಬೋರ್ಡ್ ಕೆಟ್ಟಿರುವುದಿಲ್ಲ. ಕೈಕೊಟ್ಟಿರುವುದು ಚಾರ್ಜರ್ ಅಥವಾ ಮೆಮರಿ ಕಾರ್ಡ್.

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗುವಾಗ ಪಟ್ಟಿ ಹೀಗಿರಲಿ: 2 ಜಿಬಿಯ ಪೈ 4, ಅದರದೇ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್, ಎ1 (ಆ್ಯಪ್ ಓಡಿಸಲು ತಕ್ಕ ವೇಗ) ಗುರುತಿನ 32 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್, ಮೈಕ್ರೊ ಎಚ್‌ಡಿಎಂಐ ಕೇಬಲ್, ಕೀಬೋರ್ಡ್, ಮೌಸ್. ಕೇಬಲ್ ನೋಡಿ ತೆಗೆದುಕೊಳ್ಳಿ, ಮಿನಿ ಎಚ್‌ಡಿಎಂಐ ಇದಕ್ಕೆ ಕೂರುವುದಿಲ್ಲ. ಪರದೆಗೆ ಎಚ್‌ಡಿಎಂಐ ಇರುವ ಹಳೆಯ ಟಿವಿ ಸಾಕು. ಅದಕ್ಕಿಂತ ಹೊಸದಾದ ಪೈ 5 ಬೇಡ, ಮಕ್ಕಳ ಆಟಗಳಿಗೆ ಅಷ್ಟು ಶಕ್ತಿ ಬೇಕಿಲ್ಲ.

ಮನೆಯಲ್ಲಿ ಬಿದ್ದಿರುವ ಮೊಬೈಲ್ ಚಾರ್ಜರ್ ಖಂಡಿತ ಹಾಕಬೇಡಿ. ಅದರಿಂದ ಬರುವ ವೋಲ್ಟೇಜ್ 4.63ಕ್ಕಿಂತ ಇಳಿದರೆ ಪರದೆಯಲ್ಲಿ ಎಚ್ಚರಿಕೆ ಬರುತ್ತದೆ, ವೇಗ ಕುಗ್ಗುತ್ತದೆ. ಕಾರ್ಡಿಗೆ ಬರೆಯುವ ಹೊತ್ತಿನಲ್ಲೇ ಹೀಗಾದರೆ ಫೈಲುಗಳು ಕೆಡುತ್ತವೆ. ಉದ್ದನೆಯ ತೆಳು ಕೇಬಲ್ ಹಾಕಿದರೂ ಇದೇ ಪಾಡು.

ಫುಟ್‌ಪಾತಿನ ಅಗ್ಗದ ಕಾರ್ಡುಗಳಲ್ಲಿ ನಕಲಿ ಬಹಳ: ಮೇಲೆ 64 ಎಂದಿರುತ್ತದೆ, ಒಳಗೆ 8 ಜಿಬಿಯೂ ಇರುವುದಿಲ್ಲ. ಬಿಲ್ ಇರುವ ಕಾರ್ಡನ್ನೂ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ, ಮರಳಿ ಓದಿಸಿ ನೋಡಿ.

ಮುಂದಿನದು ಸಲೀಸು. ಬೇರೊಂದು ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್‌ನಿಂದ ಕಾರ್ಡಿಗೆ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಬರೆಯಿರಿ. ಕಲಿಕೆಯ ಆಟಗಳಿರುವ ಜಿಕಾಂಪ್ರಿ, ಚಿತ್ರ ಬರೆಯುವ ಟಕ್ಸ್ ಪೇಂಟ್, ಲೆಕ್ಕದ ಆಟ ಟಕ್ಸ್ ಮ್ಯಾಥ್ ಹಾಕಿ, ಮೂರೂ ಉಚಿತ. ಗುಬ್ಬಿ, ನವಿಲು ಫಾಂಟ್‌ಗಳನ್ನೂ ಹಾಕಿ. ಕನ್ನಡ ಫಾಂಟ್ ಒಂದೂ ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವೆ. ಟೈಪಿಂಗ್‌ಗೆ ಕನ್ನಡದ ಕಗಪ ಕೀಲಿಮಣೆ ವಿನ್ಯಾಸ ಆರಿಸಿ. ಜಿಕಾಂಪ್ರಿಯ ಧ್ವನಿ ಫೈಲುಗಳು ಬೇರೆಯಾಗಿ ಡೌನ್‌ಲೋಡ್ ಆಗುತ್ತವೆ, ಆದ್ದರಿಂದ ನೆಟ್ ಇರುವ ಮನೆಯಲ್ಲೇ ಅದನ್ನು ಮುಗಿಸಿ.

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಗಂಟೆ ಹೊಡೆದ ಕೂಡಲೇ ಮಕ್ಕಳು ನೇರ ಸ್ವಿಚ್ ಆರಿಸುತ್ತಾರೆ. ಶಟ್‌ಡೌನ್ ಮಾಡಿ ಎಂದು ಗೋಡೆಗೆ ಚೀಟಿ ಅಂಟಿಸಿ ಫಲವಿಲ್ಲ. ಎಲ್ಲ ಹಾಕಿ ಮುಗಿದ ಮೇಲೆ, ಆದೇಶ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ರಾಸ್ಪಿ-ಕಾನ್ಫಿಗ್ ಎಂಬ ಸೆಟ್ಟಿಂಗ್ಸ್ ಪಟ್ಟಿ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ, ರೀಬೂಟ್ ಮಾಡಿ. ಆಮೇಲೆ ಬರೆದದ್ದೆಲ್ಲ ತಾತ್ಕಾಲಿಕ ಮೆಮರಿಯಾದ ರ‍್ಯಾಮ್‌ನಲ್ಲೇ ಉಳಿಯುತ್ತದೆ, ಕಾರ್ಡಿಗೆ ಹೋಗುವುದಿಲ್ಲ. ಕರೆಂಟ್ ಹೋದರೂ ಕಾರ್ಡಿನ ಫೈಲುಗಳು ಕ್ಷೇಮ.

ಆದರೆ ಆರಿಸಿದೊಡನೆ ಮಕ್ಕಳು ಬರೆದ ಚಿತ್ರಗಳೂ ಅಳಿಸಿಹೋಗುತ್ತವೆ. ಹಾಗಾಗದಿರಲು, ಓವರ್‌ಲೇ ಆನ್ ಮಾಡುವ ಮುನ್ನವೇ ಟಕ್ಸ್ ಪೇಂಟ್‌ಗೆ ಚಿತ್ರ ಉಳಿಸುವ ಜಾಗವಾಗಿ ಪೆನ್‌ಡ್ರೈವ್ ತೋರಿಸಿ. ಮುಂದೆ ಹೊಸ ಆಟ ಹಾಕುವುದಿದ್ದರೆ ಓವರ್‌ಲೇ ಆಫ್ ಮಾಡಿ, ರೀಬೂಟ್ ಮಾಡಿ, ಆಟ ಹಾಕಿ, ಮತ್ತೆ ಆನ್ ಮಾಡಿ.