ಕಾರ್ಡೂನಿಗೆ ಅಂಗಿ ತೊಡಿಸುವ ಕೆಲಸ

ಕಾರ್ಡೂನ್ ಎಂಬ ದಂಟಿನ ತರಕಾರಿ ಕಹಿ, ಬರೀ ನಾರು, ಅದನ್ನು ಯಾರು ತಿನ್ನುತ್ತಾರೆ ಎಂದು ದೂರುವವರನ್ನು ನಾನು ಕೇಳುವುದು ಒಂದೇ ಪ್ರಶ್ನೆ: ಕೊಯ್ಯುವ ಮೊದಲು ಗಿಡವನ್ನು ಕಟ್ಟಿ ಮುಚ್ಚಿದ್ದಿರೋ ಇಲ್ಲವೋ? ಹೆಚ್ಚಿನವರು ನನ್ನ ಮುಖ ನೋಡುತ್ತಾರೆ. ಕಳೆದ ವರ್ಷ ನನ್ನ ತಂಗಿಯ ಮಗಳು ಎದೆಯೆತ್ತರ ಬೆಳೆದಿದ್ದ ಗಿಡದಿಂದ ಹಚ್ಚಹಸಿರು ದಂಟುಗಳನ್ನು ಮುರಿದು ತಂದು, ನಾರನ್ನೂ ತೆಗೆಯದೆ ಹೆಚ್ಚಿ ಬಾಣಲೆಗೆ ಹಾಕಿದಳು. ಒಂದು ತುತ್ತು ಬಾಯಿಗಿಟ್ಟವಳೇ ಉಳಿದುದನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿದು, ಗಿಡವನ್ನೇ ಕಿತ್ತುಹಾಕುತ್ತೇನೆಂದು ಹೊರಟಳು. ಐದಾರು ತಿಂಗಳು ನೀರೆರೆದು ಸಾಕಿದ ಗಿಡಕ್ಕೆ ಇನ್ನೊಂದು ತಿಂಗಳು ಕಾಯುವ ತಾಳ್ಮೆ ಇಲ್ಲವೆಂದರೆ ಏನು ಹೇಳುವುದು!

ಇದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳ ಗಿಡ. ಸಸ್ಯಶಾಸ್ತ್ರದಲ್ಲಿ ಇದೂ ಆರ್ಟಿಚೋಕೂ ಒಂದೇ ಪ್ರಭೇದ. ಅದರಲ್ಲಿ ತಿನ್ನುವುದು ಮೊಗ್ಗನ್ನು, ಇದರಲ್ಲಿ ಎಲೆಯ ದಪ್ಪ ದಂಟನ್ನು. ಬಿತ್ತುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಬೆರಳಿನ ಒಂದು ಗೆಣ್ಣು ಆಳಕ್ಕೆ, ಒಂದೊಂದು ಕಡೆ ಮೂರು ಬೀಜ ಹಾಕಿ, ಗಟ್ಟಿಯಾದ ಸಸಿಯೊಂದನ್ನು ಉಳಿಸಿಕೊಂಡರೆ ಸಾಕು. ಆದರೆ ಗಿಡದಿಂದ ಗಿಡಕ್ಕೆ 3 ಅಡಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಅಂಗೈಯಗಲದ ಸಸಿಯನ್ನು ನೋಡಿ ಇಷ್ಟಕ್ಕೆ ಅಷ್ಟು ಜಾಗವೇಕೆ ಎಂದು ಒತ್ತೊತ್ತಾಗಿ ನೆಟ್ಟವರು, ಮುಂದೆ ಕಟ್ಟುವ ಕಾಲಕ್ಕೆ ನಡುವೆ ಕಾಲಿಡಲೂ ಜಾಗವಿಲ್ಲದೆ ಪರದಾಡುತ್ತಾರೆ. ತಾಯಿಬೇರು ಆಳಕ್ಕೆ ಇಳಿಯುವುದರಿಂದ ಮಣ್ಣನ್ನು ಚೆನ್ನಾಗಿ ಅಗೆದು, ಕಳಿತ ಗೊಬ್ಬರವನ್ನು ಕೈಬಿಚ್ಚಿ ಹಾಕಿ. ಒಂದು ವಾರ ನೀರು ತಪ್ಪಿಸಿ ಮರುವಾರ ಕೊಡಗಟ್ಟಲೆ ಸುರಿದರೆ ದಂಟಿನೊಳಗೆ ಬೆಂಡಾಗುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹಂಜಿ ಜಗಿದಂತೆಯೇ.

ಇನ್ನು ಕಟ್ಟುವ ಮಾತು. ಬೆಳಕು ತಾಕದಂತೆ ಮುಚ್ಚಿಟ್ಟರೆ ದಂಟು ಬೆಳ್ಳಗಾಗಿ ಕಹಿ ತಗ್ಗುತ್ತದೆ, ಕಟ್ಟುವುದು ಅದಕ್ಕೇ. ಈ ಕೆಲಸವನ್ನು ನನಗೆ ಕಲಿಸಿದವರು ನಮ್ಮ ಅತ್ತೆ. ಅವರು ಅದನ್ನು ಗಿಡಕ್ಕೆ ಅಂಗಿ ತೊಡಿಸುವುದು ಎನ್ನುತ್ತಿದ್ದರು, ಮಗುವಿಗೆ ತೊಡಿಸುವಷ್ಟೇ ಜೋಪಾನದಿಂದ ಮಾಡುತ್ತಿದ್ದರು. ಮೊದಲನೆಯದಾಗಿ, ಎಲೆ ಒಣಗಿರಬೇಕು. ಮಳೆ ನಿಂತ ಮರುಗಳಿಗೆಯಲ್ಲಾಗಲಿ, ಇಬ್ಬನಿ ಆರದ ಬೆಳಗಿನಲ್ಲಾಗಲಿ ಕಟ್ಟಿದಿರೋ, ಒಳಗೆ ಸಿಕ್ಕಿಕೊಂಡ ತೇವ ಗಿಡದ ನಡುವನ್ನೇ ಕೊಳೆಸುತ್ತದೆ. ಬಿಸಿಲು ಬಲಿತ ಮೇಲೆ, ತೋಳು ಮುಚ್ಚುವ ಬಟ್ಟೆಯನ್ನೂ ದಪ್ಪ ಕೈಗವಸನ್ನೂ ಹಾಕಿಕೊಂಡು ಗಿಡದ ಬಳಿ ಕುಳಿತುಕೊಳ್ಳಿ. ತಳಿ ಯಾವುದೇ ಇರಲಿ, ಎಲ್ಲೋ ಒಂದೆಡೆ ಮುಳ್ಳು ಕಾದಿರುತ್ತದೆ. ನೆಲಕ್ಕೆ ಒರಗಿದ, ಹಳದಿಗಟ್ಟಿದ ಕೆಳಗಿನ ಎಲೆಗಳನ್ನು ಮೊದಲು ತೆಗೆದುಬಿಡಿ. ಆಮೇಲೆ ಹೊರಗಿನ ದಂಟುಗಳನ್ನು ಒಂದೊಂದಾಗಿ ಎತ್ತಿ ನಡುವಿಗೆ ಒರಗಿಸುತ್ತ ಬನ್ನಿ. ಎಲ್ಲವನ್ನೂ ಒಮ್ಮೆಗೇ ತಬ್ಬಿ ಎಳೆದರೆ ಬುಡದಲ್ಲಿ ಟಪ್ಪೆಂದು ಮುರಿಯುವುದು ಒಳ್ಳೆಯ ದಂಟೇ.

ಕಟ್ಟಲು ಹಳೆಯ ಹತ್ತಿ ಹೊದಿಕೆಯನ್ನು ಮೂರು ಬೆರಳಗಲಕ್ಕೆ ಸೀಳಿಕೊಳ್ಳಿ. ನೈಲಾನ್ ದಾರ ದಂಟನ್ನು ಕೊಯ್ದುಬಿಡುತ್ತದೆ. ಮೊದಲ ಕಟ್ಟು ಬುಡದಿಂದ ಒಂದು ಗೇಣು ಮೇಲೆ, ಎರಡನೆಯದು ನಡುವಿಗೆ, ಮೂರನೆಯದು ಎಲೆ ಹರಡುವ ಕುತ್ತಿಗೆಗೆ. ಕಟ್ಟಿನೊಳಗೆ ಒಂದು ಬೆರಳು ತೂರುವಷ್ಟು ಸಡಿಲವಿರಲಿ, ಒಳಗಿನ ಎಳೆಯ ದಂಟು ಇನ್ನೂ ಬೆಳೆಯುತ್ತಿರುತ್ತದೆ. ಅದರ ಮೇಲೆ ದಪ್ಪ ಕಂದು ಕಾಗದವನ್ನೋ ರಟ್ಟನ್ನೋ ಎರಡು ಸುತ್ತು ಸುತ್ತಿ ಮತ್ತೆ ಕಟ್ಟಿ, ಬುಡಕ್ಕೆ ಒಂದು ಗೇಣು ಮಣ್ಣೇರಿಸಿ. ತುದಿಯ ಎಲೆಗಳು ಮಾತ್ರ ಜುಟ್ಟಿನಂತೆ ಬಿಸಿಲಿಗೆ ಕಾಣುತ್ತಿರಬೇಕು, ಗಿಡ ಬದುಕುವುದು ಅವುಗಳಿಂದ. ಪ್ಲಾಸ್ಟಿಕ್ ಮಾತ್ರ ಬೇಡ. ಅತ್ತೆ ಊರಿಗೆ ಹೋಗಿದ್ದಾಗ ನಾನು ಜಾಣತನ ತೋರಿಸಲು ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿದ್ದೆ. ಹದಿನೈದು ದಿನಕ್ಕೆ ಬಿಚ್ಚಿದರೆ ಒಳಗೆ ಬೆವರಿಳಿದು ಲೋಳೆಯಾಗಿದ್ದ ದಂಟಿನ ನಡುವೆ ಬಸವನಹುಳುಗಳು ಸಂಸಾರ ಹೂಡಿದ್ದವು. ಅತ್ತೆ ಬಂದು ನೋಡಿ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮುಚ್ಚಿದ ಮೇಲೆ ಮೂರರಿಂದ ನಾಲ್ಕು ವಾರ. ಇಟಲಿಯ ನಿಜ್ಜಾ ಮೊನ್‌ಫೆರಾಟೊ ಕಡೆಯವರು ಗಿಡವನ್ನು ಬಗ್ಗಿಸಿ ಮಣ್ಣಿನಲ್ಲೇ ಹೂಳುತ್ತಾರೆ. ಬೆಳಕಿಗಾಗಿ ಮೇಲೇಳಲು ಹೆಣಗುವ ದಂಟು ಗೂನು ಬೀಳುವುದರಿಂದ ಅದಕ್ಕೆ ಗೂನು ಕಾರ್ಡೂನ್ ಎಂದೇ ಹೆಸರು. ನನಗೆ ಕಾಗದದ ಅಂಗಿಯೇ ಸಾಕು. ಬಿಚ್ಚಿದಾಗ ಒಳಗಿನ ದಂಟು ದಂತದ ಬಣ್ಣಕ್ಕೆ ತಿರುಗಿರಬೇಕು, ಮುರಿದರೆ ಸದ್ದಾಗಬೇಕು. ಇನ್ನೂ ಹಸಿರಿದ್ದರೆ ಮತ್ತೆ ಮುಚ್ಚಿ ಒಂದು ವಾರ ಬಿಡಿ, ಅವಸರವೇನೂ ಇಲ್ಲ.

ಅಡುಗೆಮನೆಯಲ್ಲಿ ಹೆಚ್ಚುವ ಮೊದಲೇ ನಿಂಬೆರಸ ಹಿಂಡಿದ ನೀರು ಪಕ್ಕದಲ್ಲಿರಬೇಕು. ಕೊಯ್ದ ದಂಟು ಗಾಳಿ ತಾಕಿದೊಡನೆ ಕಪ್ಪಾಗುತ್ತದೆ, ನಿಮ್ಮ ಬೆರಳುಗಳೂ ಅಷ್ಟೇ. ಅಂಚಿನ ಎಲೆಯನ್ನೆಲ್ಲ ಸವರಿ ತೆಗೆಯಿರಿ, ಎಲೆಯ ಕಹಿ ಎಂದಿಗೂ ಹೋಗುವುದಿಲ್ಲ. ದಂಟಿನ ಬೆನ್ನಿನ ನಾರನ್ನು ಚಾಕುವಿನ ತುದಿಯಲ್ಲಿ ಎತ್ತಿ ಉದ್ದಕ್ಕೆ ಸುಲಿದು, ಒಳಮೈಯ ಬಿಳಿ ಪೊರೆಯನ್ನು ಒರಟು ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಬೆರಳುದ್ದದ ತುಂಡುಗಳನ್ನು ಉಪ್ಪು, ನಿಂಬೆ ಹಾಕಿದ ನೀರಿನಲ್ಲಿ ಚಾಕು ಸಲೀಸಾಗಿ ಇಳಿಯುವವರೆಗೆ ಬೇಯಿಸಿ. ಎಳೆಯದಾದರೆ ಅರ್ಧ ಗಂಟೆ, ಬಲಿತದ್ದಾದರೆ ಇನ್ನೂ ಹೆಚ್ಚು. ಆ ನೀರನ್ನು ಚೆಲ್ಲಿಬಿಡಿ, ಕಹಿ ಇಳಿದಿರುವುದು ಅದರಲ್ಲೇ. ಆಮೇಲೆ ಬೆಣ್ಣೆಯಲ್ಲಿ ಬಾಡಿಸುವುದೋ ಸಾರಿಗೆ ಹಾಕುವುದೋ ನಿಮಗೆ ಬಿಟ್ಟದ್ದು.

ಎಲ್ಲ ಗಿಡಗಳನ್ನೂ ಕೊಯ್ಯದೆ ಒಂದನ್ನು ಮೂಲೆಯಲ್ಲಿ ಬಿಡಿ. ಬಹುವಾರ್ಷಿಕವಾದ್ದರಿಂದ ಎರಡನೆಯ ವರ್ಷ ಆಳೆತ್ತರಕ್ಕೆ ಎದ್ದು ನೇರಳೆ ಹೂ ಬಿಡುತ್ತದೆ, ಜೇನುನೊಣಗಳು ಮುತ್ತುತ್ತವೆ. ಆ ಹೂವಿನ ಎಳೆಗಳನ್ನು ನೆರಳಿನಲ್ಲಿ ಒಣಗಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಕಿವುಚಿ ಸೋಸಿದರೆ ಹಾಲು ಹೆಪ್ಪುಗಟ್ಟಿಸುವ ರಸ ಸಿಗುತ್ತದೆ. ಪೋರ್ಚುಗಲ್ಲಿನ ಸೆರ್ರಾ ಡ ಎಸ್ಟ್ರೆಲಾ ಚೀಸ್‌ಗೆ ಕುರಿಯ ಹಾಲನ್ನು ಗಟ್ಟಿಯಾಗಿಸುವುದು ಇದರಿಂದಲೇ. ಹಸುವಿನ ಹಾಲಿಗೆ ಹಾಕಿದರೆ ಚೀಸ್ ಕಹಿಯಾಗುವುದುಂಟು. ಹಾಗಾದಾಗ ಮತ್ತೆ ಗಿಡವನ್ನು ಬೈಯಬೇಡಿ.