‘ಕಳೆದುಹೋಯಿತು’ ಅಂತ ಬರೆದರೆ ಸಹಿ ಹಾಕಬೇಡಿ: ನೊಂದವರ ಜೊತೆ ಠಾಣೆಗೆ ಹೋಗುವುದು ಹೇಗೆ?

ನಮ್ಮ ಓಣಿಯ ಅಕ್ಕ ಒಬ್ಬರು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಒಂದು ಸಂಜೆ ಮನೆಗೆ ಬರುವಾಗ ಬೈಕಿನಲ್ಲಿ ಬಂದ ಇಬ್ಬರು ಕೊರಳಿನ ಸರ ಕಿತ್ತುಕೊಂಡು ಹೋದರು. ಮೊಣಕೈ ತರಚಿತ್ತು, ಕುತ್ತಿಗೆಗೆ ಸರ ಒತ್ತಿ ಕೆಂಪು ಗೆರೆ ಮೂಡಿತ್ತು. ಠಾಣೆಗೆ ನಾನೂ ಜೊತೆಗೆ ಹೋದೆ. ಅಲ್ಲಿ ಬರೆದುಕೊಂಡ ಅರ್ಜಿಯಲ್ಲಿ ‘ದಾರಿಯಲ್ಲಿ ಸರ ಕಳೆದುಹೋಗಿರುತ್ತದೆ’ ಅಂತ ಇತ್ತು. ಅಕ್ಕ ಆಗಲೇ ಸಹಿ ಹಾಕಲು ಪೆನ್ನು ಹಿಡಿದಿದ್ದರು.

“ಅಕ್ಕ, ತಡೀರಿ. ಒಂದ್ಸಲ ಓದ್ತೀನಿ” ಅಂದೆ. ಓದಿದ ಮೇಲೆ ಅಕ್ಕನೇ ಹೇಳಿದರು: “ಸಾರ್, ಕಳ್ಕೊಂಡಿಲ್ಲ ನಾನು. ಕಿತ್ಕೊಂಡು ಹೋದ್ರು.”

ಇದು ಬರೀ ಪದದ ಜಗಳ ಅಲ್ಲ. ‘ಕಳೆದುಹೋಯಿತು’ ಅಂದರೆ ಅಪರಾಧವೇ ಆಗಿಲ್ಲ ಅಂತ ಅರ್ಥ, ಒಂದು ಸ್ವೀಕೃತಿ ಚೀಟಿ ಕೊಟ್ಟರೆ ಅಲ್ಲಿಗೆ ಮುಗೀತು, ಯಾರನ್ನೂ ಹುಡುಕಬೇಕಿಲ್ಲ. ‘ಕಿತ್ತುಕೊಂಡರು’ ಅಂದರೆ ಅದು ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್. ಎಫ್ಐಆರ್ ಹಾಕಲೇಬೇಕು. ಇಂಥ ಅಪರಾಧದ ದೂರು ಬಂದರೆ ಎಫ್ಐಆರ್ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ.

ಮೊದಲು ಗಾಯ, ಆಮೇಲೆ ಕಾಗದ

ಏಟು ಬಿದ್ದಿದ್ದರೆ ಮೊದಲು ಆಸ್ಪತ್ರೆಗೆ ಹೋಗಿ. ‘ಎಂಎಲ್‌ಸಿ ಮಾಡಿ’ ಅಂತ ಬಾಯಿಬಿಟ್ಟು ಕೇಳಿ. ಎಂಎಲ್‌ಸಿ ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಹಾಗೆ ವೈದ್ಯರು ಗಾಯವನ್ನು ಬರೆದಿಡುವ ದಾಖಲೆ. ಗಾಯ ನಾಲ್ಕು ದಿನದಲ್ಲಿ ಮಾಯುತ್ತದೆ, ಕೋರ್ಟಿನಲ್ಲಿ ಅದನ್ನು ತೋರಿಸುವುದು ಆ ದಾಖಲೆ ಮಾತ್ರ. ಅತ್ಯಾಚಾರ, ಆಸಿಡ್ ದಾಳಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಆಗಿದ್ದರೆ ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಬೇಕು. ‘ಮೊದಲು ಪೊಲೀಸರನ್ನು ಕರ್ಕೊಂಡು ಬನ್ನಿ’ ಅನ್ನುವ ಹಾಗಿಲ್ಲ.

ಠಾಣೆಯಲ್ಲಿ

‘ಇದು ನಮ್ಮ ಲಿಮಿಟ್ ಅಲ್ಲ’ ಅಂದರೆ ವಾಪಸ್ ಬರಬೇಡಿ. ಚಿತ್ರದುರ್ಗದಿಂದ ಬರುವಾಗ ಭರಮಸಾಗರದ ಹತ್ತಿರ ಬಸ್ಸಿನಲ್ಲಿ ಬ್ಯಾಗ್ ಕದ್ದರು ಅಂದುಕೊಳ್ಳಿ, ದಾವಣಗೆರೆಯಲ್ಲಿ ಇಳಿದು ಇಲ್ಲೇ ದೂರು ಕೊಡಬಹುದು. ಇದೇ ಝೀರೋ ಎಫ್ಐಆರ್. ಅವರೇ ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ.

ಪೊಲೀಸರು ಬರೆದದ್ದನ್ನು ನಿಮಗೆ ಓದಿ ಹೇಳಬೇಕು, ಆಮೇಲೆ ಸಹಿ. ಎಫ್ಐಆರ್ ಪ್ರತಿ ಉಚಿತ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹಾಗೆ ಹೇಳುತ್ತದೆ. ನಾಳೆ ಬನ್ನಿ, ಜೆರಾಕ್ಸ್ ಮಷಿನ್ ಕೆಟ್ಟಿದೆ ಅಂದರೆ ಅಲ್ಲೇ ಕೂರಿ. ಜಗಳ ಬೇಡ, ಸುಮ್ನೆ ಕೂರಿ. ನಾವು ಒಂದೂವರೆ ಗಂಟೆ ಕೂತೆವು, ಪ್ರತಿ ಕೈಗೆ ಬಂತು.

ದೂರು ತಗೊಳ್ಳಲೇ ಇಲ್ಲ ಅಂದರೆ ಅದನ್ನೇ ಬರೆದು ಎಸ್ಪಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಮಹಿಳೆಯರನ್ನು, 60 ದಾಟಿದವರನ್ನು ವಿಚಾರಣೆಗೆ ಅಂತ ಠಾಣೆಗೆ ಕರೆಸುವ ಹಾಗಿಲ್ಲ, ಮನೆಗೇ ಬಂದು ಕೇಳಬೇಕು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮೊಮ್ಮಗನ ಹೆಗಲು ಹಿಡಿದುಕೊಂಡು ಠಾಣೆಯ ಮೆಟ್ಟಿಲು ಹತ್ತುವ ಅಜ್ಜಿಯರನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಸುಮ್ಮನಾಗಬೇಡಿ

ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸುವುದು ಪೊಲೀಸರ ಕೆಲಸ. ‘ಬಿ ರಿಪೋರ್ಟ್’ ಹಾಕಿ ಕೇಸು ಮುಚ್ಚಲು ಹೊರಟರೆ ದೂರು ಕೊಟ್ಟವರಿಗೆ ನೋಟಿಸ್ ಬರಬೇಕು, ತಕರಾರು ಹಾಕಲು ಅವಕಾಶ ಇದೆ. ನೋಟಿಸ್ ಬಂದರೂ ಅದೇನೋ ಕೋರ್ಟಿನ ಕಾಗದ ಅಂತ ಕಪಾಟಿನಲ್ಲಿ ಇಟ್ಟುಬಿಡುವವರೇ ಜಾಸ್ತಿ. ದಯವಿಟ್ಟು ಅವತ್ತೇ ಯಾರ ಹತ್ತಿರವಾದರೂ ಓದಿಸಿ.

ವಕೀಲರಿಗೆ ದುಡ್ಡಿಲ್ಲವೇ? ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಕೊಲೆ, ಅತ್ಯಾಚಾರ, ಆಸಿಡ್ ದಾಳಿಯಂಥ ಪ್ರಕರಣದಲ್ಲಿ ಪರಿಹಾರದ ಅರ್ಜಿಯನ್ನೂ ಅಲ್ಲಿಗೇ ಕೊಡಬೇಕು. ಆರೋಪಿ ಸಿಕ್ಕಿಲ್ಲ ಅಂತ ಕಾಯಬೇಕಿಲ್ಲ, ಸಿಗದಿದ್ದರೂ ಅರ್ಜಿ ಹಾಕಬಹುದು. ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಅಂತ ಕಾನೂನು ಇದೆ. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ ಮಾತ್ರ ಒಂದು ನಿಮಿಷವೂ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಆರೋಪಿ ತಪ್ಪಿತಸ್ಥನಲ್ಲ ಅಂತ ಕೋರ್ಟು ಬಿಟ್ಟುಬಿಟ್ಟರೆ ‘ಕೇಸು ಬಿದ್ದೋಯ್ತು’ ಅಂತ ಕೈಚೆಲ್ಲುತ್ತೇವೆ, ಅಲ್ವಾ? ನೊಂದವರೇ ಮೇಲ್ಮನವಿ ಹಾಕಬಹುದು. ಇದಕ್ಕೆ ಮೇಲಿನ ಕೋರ್ಟಿನ ಅನುಮತಿ ಮೊದಲು ಪಡೆಯಬೇಕಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ.

ಜೊತೆಗಿರುವವರು ಏನು ಮಾಡಬೇಕು?

‘ಅಷ್ಟೊತ್ತಲ್ಲಿ ಒಬ್ಬಳೇ ಯಾಕೆ ಬಂದೆ?’ ಅಂತ ಕೇಳಬೇಡಿ. ಅಕ್ಕನಿಗೆ ಸರ ಹೋದದ್ದಕ್ಕಿಂತ ಆ ಮಾತೇ ಜಾಸ್ತಿ ನೋಯಿಸಿತು. ಅವರ ಪರವಾಗಿ ನೀವೇ ಮಾತಾಡಲೂ ಹೋಗಬೇಡಿ. ಅವರು ಹೇಳಲಿ, ನೀವು ದಿನಾಂಕ, ಟೈಮು, ಮಾತಾಡಿದ ಅಧಿಕಾರಿಯ ಹೆಸರು ಬರೆದುಕೊಳ್ಳಿ. ಲೈಂಗಿಕ ದೌರ್ಜನ್ಯ ಆಗಿದ್ದರೆ ಹೆಸರು, ಫೋಟೊ ವಾಟ್ಸಾಪ್‌ನಲ್ಲಿ ಹಾಕಲೇಬೇಡಿ, ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡಿದರೆ 2 ವರ್ಷದವರೆಗೆ ಜೈಲು. ‘ರಾಜಿ ಮಾಡ್ಕೊಳ್ಳಿ’ ಅಂತ ಹಿರಿಯರು ಬಂದು ಕೂತರೆ, ಅವರ ಎದುರು ನೊಂದವರನ್ನು ಒಬ್ಬರನ್ನೇ ಬಿಡಬೇಡಿ.

ಒಡವೆ ಹೋಗಿದ್ದರೆ ಬಿಲ್ಲು ಹುಡುಕಿ. ಬಿಲ್ಲಿಲ್ಲದಿದ್ದರೆ ಮದುವೆ ಆಲ್ಬಮ್ ತೆಗೆಯಿರಿ. ಮಾಲು ಸಿಕ್ಕಿದಾಗ ಇದು ನನ್ನದೇ ಅಂತ ಕೋರ್ಟಿಗೆ ತೋರಿಸಲು, ಕೇಸು ಮುಗಿಯುವ ಮೊದಲೇ ಅದನ್ನು ಬಿಡಿಸಿಕೊಳ್ಳಲು ಆ ಫೋಟೊ ಬೇಕಾಗುತ್ತದೆ. ನಮ್ಮ ಅಕ್ಕ ನಾದಿನಿಯ ಮದುವೆಯ ಫೋಟೊ ಒಂದನ್ನು ಎಫ್ಐಆರ್ ಪ್ರತಿಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ರೇಷನ್ ಕಾರ್ಡಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ.